ದುಡ್ಡು ಕಟ್ಟುವ ಮೊದಲು ಫೈಲ್ ಹೊರಗೆ ಬರುತ್ತಾ ನೋಡಿ: ಪಾಡ್‌ಕಾಸ್ಟ್ ಆ್ಯಪ್‌ನಲ್ಲಿ ನಾನು ಮೋಸಹೋದ ಕಥೆ

ಪಾಡ್‌ಕಾಸ್ಟ್ ಶುರು ಮಾಡಬೇಕು ಅಂತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ 6,999 ರೂಪಾಯಿ ಹೋಯಿತು. ಅದಕ್ಕಿಂತ ಜಾಸ್ತಿ ಹೊಟ್ಟೆ ಉರಿಯುತ್ತಿರುವುದು ತಾತನ ಮುಂದೆ ಆದ ಅವಮಾನಕ್ಕೆ.

ನಮ್ಮ ತಾತ ಶಿಡ್ಲಘಟ್ಟದವರು. ಜೀವನವೆಲ್ಲ ಚರಕದ ಮುಂದೆ ಕೂತು, ಬಿಸಿನೀರಿನಲ್ಲಿ ಕೈಯಿಟ್ಟು ಗೂಡಿನಿಂದ ರೇಷ್ಮೆ ತೆಗೆದವರು. ಆ ಕಾಲದ ಕಥೆ ಅವರ ಬಾಯಲ್ಲೇ ಉಳಿಸಿಕೊಳ್ಳಬೇಕು ಅಂತ ನನ್ನ ಆಸೆ. ನಾನಿರುವುದು ಚಿಕ್ಕಬಳ್ಳಾಪುರದಲ್ಲಿ. ಅದಕ್ಕೆ ಎರಡೂ ಕಡೆಯಿಂದ ರೆಕಾರ್ಡ್ ಮಾಡುವ ಆ್ಯಪ್ ಬೇಕಿತ್ತು. ವಿಡಿಯೊ ಕರೆಯ ಜೂಮ್, ಧ್ವನಿ ಎಡಿಟ್ ಮಾಡುವ ಆಡಾಸಿಟಿ ಎರಡನ್ನೂ ನೋಡಿದೆ. ಎಡಿಟಿಂಗ್ ಯಾರು ಕಲಿಯುತ್ತಾರೆ ಅಂತ ಬಿಟ್ಟೆ. ಅಲ್ಲೇ ತಪ್ಪು ಮಾಡಿದೆ.

ನಾನು ತೆಗೆದುಕೊಂಡ ಆ್ಯಪ್‌ನಲ್ಲಿ ಮಾತು ತಾನಾಗೇ ಅಕ್ಷರವಾಗುತ್ತದೆ. ಅಕ್ಷರ ಅಳಿಸಿದರೆ ಆ ಧ್ವನಿಯೂ ಕಟ್ ಆಗುತ್ತದೆ. ಇಬ್ಬರ ಧ್ವನಿಗೂ ಬೇರೆ ಬೇರೆ ಟ್ರ್ಯಾಕ್, ಅಂದರೆ ಒಬ್ಬೊಬ್ಬರ ಮಾತು ಬೇರೆಯಾಗಿ ರೆಕಾರ್ಡ್ ಆಗುತ್ತದೆ. ಏಳು ದಿನ ಫ್ರೀ. ಅವರ ಕಡೆಯವರು ಫೋನ್ ಮಾಡಿ, "ಕನ್ನಡ ಪಕ್ಕಾ ಬರುತ್ತೆ ಮೇಡಂ, ನೀವು ಸುಮ್ನೆ ಮಾತಾಡಿ ಸಾಕು" ಅಂದರು. ಟ್ರ್ಯಾಕ್ ಬೇರೆ ಬೇರೆ ಸಿಗುತ್ತಾ ಅಂತ ಕೇಳಿದ್ದೆ. ಕೇಳಿದ್ದೆ! "ಸಿಗುತ್ತೆ ಮೇಡಂ" ಅಂದರು. ನಾನೊಬ್ಬಳೇ ಎರಡು ನಿಮಿಷ ಓದಿ ನೋಡಿದೆ, ಚೆನ್ನಾಗೇ ಬಂತು. ವರ್ಷದ ದುಡ್ಡು ಕಟ್ಟಿದೆ.

ತಾತ 50 ನಿಮಿಷ ಮಾತಾಡಿದರು. ನಮ್ಮ ಕಡೆಯ ಹಿರಿಯರ ಮಾತು ಗೊತ್ತಲ್ಲ, ಕನ್ನಡದಲ್ಲಿ ಶುರುವಾಗಿ ತೆಲುಗಿಗೆ ಹೋಗಿ ಮತ್ತೆ ಕನ್ನಡಕ್ಕೆ ಬರುತ್ತದೆ. ಮೇಸ್ತ್ರಿ ಬೈಯುತ್ತಿದ್ದುದನ್ನು ಅವನ ದನಿಯಲ್ಲೇ ತೆಲುಗಿನಲ್ಲಿ ಹೇಳಿದರು. ನಾನು "ಖಾಲಿ ಜಾಗ ತೆಗೆ" ಅನ್ನುವ ಬಟನ್ ಒತ್ತಿದೆ. ಪೂರ್ತಿ ಕೇಳಿ ನೋಡಲಿಲ್ಲ.

ಭಾನುವಾರ ಶಿಡ್ಲಘಟ್ಟಕ್ಕೆ ಹೋಗಿ ಎಲ್ಲರನ್ನೂ ಕೂರಿಸಿ ಹಾಕಿದೆ. ತಾತ ಕಿವಿಗೊಟ್ಟು ಕೇಳುತ್ತಿದ್ದರು. ಸ್ವಲ್ಪ ಹೊತ್ತಿಗೆ, "ಏನಮ್ಮಾ, ಮೇಸ್ತ್ರಿ ಮಾತೇ ಇಲ್ವಲ್ಲ?" ಅಂದರು. ನಿಜಕ್ಕೂ ಇರಲಿಲ್ಲ. ಒಂದು ಮಾತೂ ಇರಲಿಲ್ಲ. ಆ್ಯಪ್‌ಗೆ ತೆಲುಗು ಅಕ್ಷರವಾಗಲಿಲ್ಲ. ಅಕ್ಷರ ಇಲ್ಲದ ಜಾಗವೆಲ್ಲ ಖಾಲಿ ಅಂತ ಕತ್ತರಿಸಿ ಹಾಕಿತ್ತು. ತಾತನ ಮುಖ ನೋಡಲು ಆಗಲಿಲ್ಲ ನನಗೆ.

ಸರಿ, ಮೂಲ ರೆಕಾರ್ಡಿಂಗ್ ಇದೆಯಲ್ಲ, ಕೈಯಲ್ಲೇ ಎಡಿಟ್ ಮಾಡೋಣ ಅಂತ ಡೌನ್‌ಲೋಡ್ ಒತ್ತಿದೆ. ಇಬ್ಬರ ಧ್ವನಿ ಸೇರಿಸಿದ ಒಂದೇ ಎಂಪಿ3 ಬಂತು. ನನ್ನ ಕಡೆಯ ಬಸ್ ಹಾರ್ನ್ ತಾತನ ಮಾತಿನ ಮೇಲೇ ಕೂತಿದೆ. ಒಂದೇ ಟ್ರ್ಯಾಕ್ ಆದ ಮೇಲೆ ಅದನ್ನು ಬಿಡಿಸುವುದು ಹೇಗೆ? ಬೇರೆ ಬೇರೆ ಟ್ರ್ಯಾಕ್‌ನ ಬಟನ್ ಮೇಲೆ ಬೀಗದ ಗುರುತು. ಫ್ರೀ ಇದ್ದ ಏಳು ದಿನ ಆ ಬೀಗ ಇರಲಿಲ್ಲ!

ಬರೆದು ಕೇಳಿದೆ. ಮೊದಲ ಉತ್ತರ: "ನಿಮ್ಮ ಪ್ಲಾನ್‌ನಲ್ಲಿ ಈ ಸೌಲಭ್ಯ ಇಲ್ಲ." ಫೋನಲ್ಲಿ ಸಿಗುತ್ತೆ ಅಂದಿದ್ದರಲ್ಲ ಅಂದೆ. "ಸಿಗುತ್ತದೆ, ಮೇಲಿನ ಪ್ಲಾನ್‌ನಲ್ಲಿ." ದುಡ್ಡು ವಾಪಸ್ ಕೊಡಿ ಅಂದೆ. "ನೀವು ಈಗಾಗಲೇ ಡೌನ್‌ಲೋಡ್ ಮಾಡಿದ್ದೀರಿ, ರೀಫಂಡ್ ಆಗುವುದಿಲ್ಲ." ನಾಲ್ಕನೇ ಸಲ ಬರೆದಾಗ ಬಂದದ್ದು ಮೊದಲ ಉತ್ತರವೇ, ಒಂದಕ್ಷರ ಬದಲಾಗಿರಲಿಲ್ಲ.

ಇನ್ನೂ ಉರಿಯುವುದು ಇದಕ್ಕೆ. ಕಂಪ್ಯೂಟರ್‌ನ ಜೂಮ್‌ನಲ್ಲಿ, ರೆಕಾರ್ಡಿಂಗ್ ಸೆಟ್ಟಿಂಗ್‌ನಲ್ಲಿ, ಪ್ರತಿಯೊಬ್ಬರ ಧ್ವನಿಗೂ ಬೇರೆ ಫೈಲ್ ಅಂತ ಒಂದು ಟಿಕ್ ಇದೆ. ಫ್ರೀಯಾಗಿ. ಕರೆ 40 ನಿಮಿಷಕ್ಕೆ ಕಟ್ ಆಗುತ್ತದೆ, ಧ್ವನಿ ಫೋನ್ ಕರೆಯ ಹಾಗಿರುತ್ತದೆ, ನಿಜ. ಆದರೆ ಫೈಲ್ ನಮ್ಮ ಕಂಪ್ಯೂಟರ್‌ನಲ್ಲೇ ಇರುತ್ತದೆ. ಆಡಾಸಿಟಿ 2000ದಿಂದ ಇದೆ, ಪೂರ್ತಿ ಉಚಿತ. ಫ್ಯಾನ್ ಸದ್ದು ಮಾತ್ರ ಇರುವ ಒಂದೆರಡು ಸೆಕೆಂಡ್ ತೋರಿಸಿದರೆ ಉಳಿದ ಕಡೆಯೂ ಆ ಸದ್ದು ತಗ್ಗಿಸುತ್ತದೆ. ಒಂದು ಸಂಜೆಯಲ್ಲಿ ಕಲಿತೆ. ಒಂದು ಸಂಜೆ!

ಫ್ರೀ ಇರುವಾಗಲೇ ನಿಮ್ಮ ಮನೆಯವರ ಮಾತು ರೆಕಾರ್ಡ್ ಮಾಡಿ. ಕಟ್ ಮಾಡಿ, ಫೈಲ್ ಇಳಿಸಿಕೊಂಡು ಪೂರ್ತಿ ಕೇಳಿ. ನೀವು ಕಟ್ಟುವ ಪ್ಲಾನ್‌ನಲ್ಲಿ ಏನೇನು ಸಿಗುತ್ತದೆ ಅಂತ ಬರಹದಲ್ಲಿ ಕೇಳಿ, ಫೋನ್ ಮಾತು ನಂಬಬೇಡಿ. ಆ್ಯಪ್ ಡಿಲೀಟ್ ಮಾಡಿದರೆ ಆಟೋಪೇ, ಅಂದರೆ ದುಡ್ಡು ತಾನಾಗೇ ಕಡಿತವಾಗುವ ಏರ್ಪಾಡು, ನಿಲ್ಲುವುದಿಲ್ಲ. ಯುಪಿಐ ಆ್ಯಪ್‌ನ ಆಟೋಪೇ ಪಟ್ಟಿಯಲ್ಲಿ ನೀವೇ ರದ್ದು ಮಾಡಬೇಕು. ಇಲ್ಲದಿದ್ದರೆ ಮುಂದಿನ ವರ್ಷ ಪಿನ್ ಕೇಳದೆಯೇ ದುಡ್ಡು ಹೋಗುತ್ತದೆ. ನಾನು ನಿನ್ನೆ ರದ್ದು ಮಾಡಿದೆ.

ತಾತ ಇನ್ನೊಮ್ಮೆ ಹೇಳುತ್ತೇನೆ ಅಂದಿದ್ದಾರೆ. ಈ ಸಲ ಫೋನಿನಲ್ಲಲ್ಲ, ಶಿಡ್ಲಘಟ್ಟಕ್ಕೇ ಹೋಗಿ ಅವರ ಪಕ್ಕದಲ್ಲೇ ಕೂರುತ್ತೇನೆ.