ಟಿವಿ1 ಡೀಸೆಲ್ ಎಂಜಿನ್, ಎಥೆನಾಲ್ ಮಿಶ್ರಣದಲ್ಲಿ: ವರ್ಷಗಟ್ಟಲೆ ಓಡಿಸಿದ ಮೇಲೆ

ಮಂಡ್ಯದ ಎಂಜಿನಿಯರಿಂಗ್ ಕಾಲೇಜೊಂದರ ಐಸಿ ಎಂಜಿನ್ (ಒಳಗೇ ಇಂಧನ ಉರಿಸುವ ಎಂಜಿನ್) ಲ್ಯಾಬ್ ನೋಡಿಕೊಳ್ಳುವುದು ನನ್ನ ಕೆಲಸ. ಅಲ್ಲಿರುವುದು ಕಿರ್ಲೋಸ್ಕರ್ ಟಿವಿ1: ಒಂದೇ ಸಿಲಿಂಡರ್, 661 ಸಿಸಿ, 1500 ಆರ್‌ಪಿಎಂನಲ್ಲಿ 5.2 ಕಿಲೋವ್ಯಾಟ್. 1933ರಿಂದ ಸಕ್ಕರೆ ಕಾರ್ಖಾನೆ ಇರುವ ಊರು, ಹಾಗಾಗಿ ವರ್ಷಕ್ಕೊಂದು ತಂಡವಾದರೂ ಎಥೆನಾಲ್, ಅಂದರೆ ಕಬ್ಬಿನಿಂದಲೂ ತೆಗೆಯುವ ಆಲ್ಕೋಹಾಲ್, ಡೀಸೆಲ್‌ಗೆ ಬೆರೆಸುವ ಪ್ರಾಜೆಕ್ಟ್ ಹಿಡಿದು ಬರುತ್ತದೆ. ಈ ಎಂಜಿನ್‌ನಂತೆ ಇಷ್ಟು ಕುಡಿದೂ ಕೆಲಸ ತಪ್ಪಿಸದವರು ಈ ಊರಲ್ಲಿ ಕಡಿಮೆ.

ಎಂಜಿನ್‌ಗೆ ಐದಕ್ಕೆ ನಾಲ್ಕೂವರೆ. ಎಥೆನಾಲ್ ಮಿಶ್ರಣಕ್ಕೆ ಮೂರರ ಮೇಲೆ ಕೊಡಲಾರೆ.

ತೊಂದರೆ ಶುರುವಾಗುವುದು ಎಂಜಿನ್‌ನಲ್ಲಲ್ಲ, ಕ್ಯಾನಿನಲ್ಲಿ. ನೀರಿಲ್ಲದ ಎಥೆನಾಲ್ ಡೀಸೆಲ್‌ನಲ್ಲಿ ಚೆನ್ನಾಗಿಯೇ ಬೆರೆಯುತ್ತದೆ. ಒಂದಿಷ್ಟು ನೀರಿನಂಶ ಸೇರಿತೋ, ಎರಡೂ ಪದರ ಪದರವಾಗಿ ಬೇರೆ ನಿಲ್ಲುತ್ತವೆ. ಮಳೆಗಾಲದಲ್ಲಿ ಮುಚ್ಚಳ ತೆರೆದಿಟ್ಟರೆ ಗಾಳಿಯ ತೇವವನ್ನೇ ಎಳೆದುಕೊಳ್ಳುತ್ತದೆ. ನಾವು ಹೊಂಗೆ ಬಯೋಡೀಸೆಲ್ ಸ್ವಲ್ಪ ಸೇರಿಸುತ್ತೇವೆ, ಅದು ಎರಡನ್ನೂ ಹಿಡಿದಿಡುತ್ತದೆ. ಅಷ್ಟಾದರೂ ಬೆರೆಸಿದ ದಿನವೇ ಓಡಿಸಿ ಮುಗಿಸುವುದು ಕ್ಷೇಮ. ಅಬಕಾರಿ ಅನುಮತಿಯ ಓಡಾಟ ಬೇರೆ.

ಶೇ. 10ರ ಮಿಶ್ರಣದಲ್ಲಿ ಎಂಜಿನ್ ಗೊಣಗುವುದಿಲ್ಲ. ಲೀಟರಿಗೆ ಸುಮಾರು ಶೇ. 4ರಷ್ಟು ಶಕ್ತಿ ಕಡಿಮೆ, ಇಂಧನ ಅಳೆಯುವ ಗಾಜಿನ ಕೊಳವೆ ಬ್ಯೂರೆಟ್ ಆ ಲೆಕ್ಕಕ್ಕೆ ಬೇಗ ಖಾಲಿಯಾಗುತ್ತದೆ. ಆದರೆ ಫುಲ್ ಲೋಡ್‌ನಲ್ಲಿ ದಕ್ಷತೆ ಬೀಳುವುದಿಲ್ಲ, ಕೊಂಚ ಏರುವುದೂ ಉಂಟು. ಶೇ. 20ಕ್ಕೆ ಹೋದರೆ ಕಿವಿಗೇ ಗೊತ್ತಾಗುತ್ತದೆ. ಇಂಧನ ಎಷ್ಟು ಬೇಗ ತಾನಾಗಿ ಹೊತ್ತಿಕೊಳ್ಳುತ್ತದೆ ಎಂದು ಹೇಳುವ ಅಂಕಿ ಸೀಟೇನ್; ಡೀಸೆಲ್‌ನದು ಕನಿಷ್ಠ 51, ಎಥೆನಾಲ್‌ನದು ಹತ್ತರೊಳಗೆ. ಹೊತ್ತಿಕೊಳ್ಳಲು ತಡಮಾಡಿ ಆಮೇಲೆ ಒಮ್ಮೆಲೇ ಉರಿಯುತ್ತದೆ, ಅದೇ ಆ ಟಕಟಕ ಸದ್ದು. ಇಂಧನ ಪಂಪ್ ಕೆಳಗಿನ ಶಿಮ್ (ತೆಳು ಲೋಹದ ಹಾಳೆ) ತೆಗೆದು ಇಂಜೆಕ್ಷನ್ ಟೈಮಿಂಗ್ ಮುಂದಕ್ಕೆ ತಂದರೆ, ಅಂದರೆ ಇಂಧನ ಸ್ವಲ್ಪ ಮೊದಲೇ ಚಿಮ್ಮುವಂತೆ ಮಾಡಿದರೆ, ತಡವಾಗಿ ಉರಿಯುವುದು ತಕ್ಕಮಟ್ಟಿಗೆ ಸರಿಹೋಗುತ್ತದೆ.

ಹೊಗೆ ನೋಡಿದವರು ಮೊದಲು ಚಪ್ಪಾಳೆ ತಟ್ಟುತ್ತಾರೆ. ಎಥೆನಾಲ್‌ನ ತೂಕದಲ್ಲಿ ಮೂರನೇ ಒಂದು ಪಾಲಿಗೂ ಹೆಚ್ಚು ಆಮ್ಲಜನಕವೇ ಇದೆ, ಹಾಗಾಗಿ ಲೋಡ್ ಹೆಚ್ಚಿದ್ದಾಗ ಕಪ್ಪು ಹೊಗೆ ಸ್ಪಷ್ಟವಾಗಿ ಇಳಿಯುತ್ತದೆ. ಕಣ್ಣಿಗೆ ಕಾಣದ್ದರ ಕಥೆ ಬೇರೆ. ಆವಿಯಾಗಲು ಎಥೆನಾಲ್ ಡೀಸೆಲ್‌ಗಿಂತ ಎಷ್ಟೋ ಹೆಚ್ಚು ಶಾಖ ಹೀರುತ್ತದೆ. ಲೋಡ್ ಕಡಿಮೆ ಇದ್ದಾಗ ಸಿಲಿಂಡರ್ ತಣ್ಣಗಾಗಿ, ಅರೆಬೆಂದ ಇಂಧನ ಹೈಡ್ರೋಕಾರ್ಬನ್, ಕಾರ್ಬನ್ ಮಾನಾಕ್ಸೈಡ್ ಆಗಿ ಹೊರಬೀಳುತ್ತದೆ. ನೈಟ್ರೋಜನ್ ಆಕ್ಸೈಡ್ ಒಂದು ಲೋಡ್‌ನಲ್ಲಿ ಇಳಿದರೆ ಇನ್ನೊಂದರಲ್ಲಿ ಏರುತ್ತದೆ. ಹೊಗೆ ಕಡಿಮೆಯಾಯಿತೆಂದು ವರದಿ ಬರೆದು ಮುಗಿಸುವ ಹುಡುಗರನ್ನು ನಾನು ವಾಪಸ್ ಕಳಿಸುತ್ತೇನೆ. ಈ ಅನಿಲಗಳನ್ನು ಅಳೆಯುವ ಗ್ಯಾಸ್ ಅನಲೈಸರ್‌ನ ಸರ್ವೀಸ್ ವಿಷಯ ಮಾತ್ರ ಕೇಳಬೇಡಿ.

ಸವೆತದ ಕಡೆಯೂ ಗಮನ ಇರಲಿ. ಇಂಧನ ಪಂಪ್‌ಗೂ ಇಂಧನ ಚಿಮ್ಮುವ ನಾಜಲ್‌ಗೂ ಸವೆಯದಂತೆ ಕಾಯಲು ಡೀಸೆಲ್ಲೇ ಎಣ್ಣೆ, ಎಥೆನಾಲ್‌ಗೆ ಆ ಜಿಡ್ಡಿಲ್ಲ. ಪ್ರಯೋಗ ಮುಗಿದ ಮೇಲೆ ಬರೀ ಡೀಸೆಲ್‌ನಲ್ಲಿ ಓಡಿಸಿಯೇ ನಿಲ್ಲಿಸುತ್ತೇವೆ. ಸಾದಾ ರಬ್ಬರ್ ಪೈಪ್ ಉಬ್ಬುತ್ತದೆ, ಇಂಧನ ತಡೆಯುವ ವೈಟಾನ್ ರಬ್ಬರಿನದು ಹಾಕಿಸಿ. ಎಥೆನಾಲ್ 78 ಡಿಗ್ರಿಗೇ ಕುದಿಯುವುದರಿಂದ ಏಪ್ರಿಲ್ ಬಿಸಿಲಲ್ಲಿ ಪೈಪಿನೊಳಗೆ ಆವಿ ಕಟ್ಟಿ ಏರ್ ಲಾಕ್ ಬಿಡಿಸುವ ಕೆಲಸವೂ ಸೇರುತ್ತದೆ. ಬ್ಯುಟನಾಲ್ ಎಂಬ ಇನ್ನೊಂದು ಆಲ್ಕೋಹಾಲ್‌ನಲ್ಲಿ ಈ ರಗಳೆಗಳು ಕಡಿಮೆ, ತಾನಾಗಿಯೇ ಬೆರೆಯುತ್ತದೆ. ಬೆಲೆ ಕೇಳಿದರೆ ಸುಮ್ಮನಾಗುತ್ತೀರಿ.

ರೈತರ ಮನೆಯ ಹುಡುಗರು ಕೇಳುವುದುಂಟು: "ನಮ್ ಪಂಪ್‌ಸೆಟ್ಗೂ ಹಾಕ್ಬೌದಾ ಸಾ?" ಬೇಡ ಕಣಪ್ಪ. ಡೀಸೆಲ್‌ನ ಆವಿಗೆ ಕಿಡಿಯಿಂದ ಬೆಂಕಿ ಹೊತ್ತಲು ಕನಿಷ್ಠ 35 ಡಿಗ್ರಿ ಬೇಕು, ಎಥೆನಾಲ್‌ಗೆ 13 ಸಾಕು. ಬೆರೆಸಿದ್ದೂ ಎಥೆನಾಲ್‌ನಂತೆಯೇ ಆಡುತ್ತದೆ. ಪಂಪ್‌ಸೆಟ್ ಪಕ್ಕ ಬೀಡಿ ಹಚ್ಚುವವರಿದ್ದರಂತೂ ಬೇಡವೇ ಬೇಡ.