ಕಾರಿಲ್ದೆ ದಿನಸಿ: ಜಾಕ್ಸನ್ ಹೈಟ್ಸ್‌ನ ಪಟೇಲ್ ಬ್ರದರ್ಸ್
ನ್ಯೂಯಾರ್ಕಲ್ಲಿ, ಅದೂ ಕ್ವೀನ್ಸ್ ಕಡೆ ಮನೆ ಹುಡುಕ್ತಿದ್ರೆ ಮೊದ್ಲು 74ನೇ ಸ್ಟ್ರೀಟಿನ ಈ ಅಂಗಡಿ ನೋಡ್ಕೊಂಡು ಬನ್ನಿ. ರೂಸ್‌ವೆಲ್ಟ್ ಅವೆನ್ಯೂ ಸ್ಟೇಷನ್‌ಗೆ ತೀರಾ ಹತ್ರ, 7 ಇರ್ಲಿ ಇ, ಎಫ್ ಇರ್ಲಿ ಯಾವ ಟ್ರೇನಾದ್ರೂ ಓಕೆ. ನುಗ್ಗೆಕಾಯಿ, ಕರಿಬೇವು, ಮೆಂತ್ಯ ಸೊಪ್ಪು, ಸೋನಾ ಮಸೂರಿ ಎಲ್ಲಾ ಸಿಗುತ್ತೆ, ಊರಾಚೆ ಇರೋ ಫ್ರೆಂಡ್ಸ್ ಇದಕ್ಕೆಲ್ಲಾ ಕಾರ್ ತೆಗೀಬೇಕು, ನಾನು ಒಗ್ಗರಣೆಗೆ ಸಾಸಿವೆ ಇಲ್ಲ ಅಂದ್ರೆ ಚಪ್ಪಲಿ ಮೆಟ್ಕೊಂಡು ಹೋಗಿ ತರ್ತೀನಿ! ವೀಕೆಂಡ್ ಆ ಬೀದಿ ಪೂರ್ತಿ ಜಾತ್ರೆ, ವೀಕ್‌ಡೇ ಸಂಜೆ ಬೆಸ್ಟು. ಅಕ್ಕಿ ಮೂಟೆ ತಗೊಳೋರು ಮಾತ್ರ ಎರಡು ಚಕ್ರದ ಶಾಪಿಂಗ್ ಟ್ರಾಲಿ ಎಳ್ಕೊಂಡು ಹೋಗಿ, ಕೈಯಲ್ಲಿ ಆಗೋ ಮಾತಲ್ಲ. ಹಗಲಾದ್ರೆ ವಾಪಸ್ 34ನೇ ಅವೆನ್ಯೂ ಮೇಲೆ ಬನ್ನಿ, 2020ರಲ್ಲಿ ಶುರುವಾದ ಓಪನ್ ಸ್ಟ್ರೀಟ್ (ಅಂದ್ರೆ ಹಗಲು ಕಾರ್ ಓಡಾಟ ತಡೆದು ನಡೆಯೋರಿಗೆ ಬಿಟ್ಟಿರೋ ಬೀದಿ), 26 ಬ್ಲಾಕ್ ಉದ್ದ, ರೋಡ್ ಮಧ್ಯದಲ್ಲೇ ಆರಾಮಾಗಿ ನಡೀಬೋದು. ನನ್ ಕಡೆಯಿಂದ ಐದಕ್ಕೆ ನಾಲ್ಕೂವರೆ.