ಸಾಲಾಗಿ ಕಳಿಸೋಕೆ ಯಾವುದು? ನನ್ನ ಓಟು ಕಾನ್‌ಕ್ಯಾಟ್‌ಮ್ಯಾಪ್‌ಗೆ

ಒಂದು ಕೆಲಸ ಮುಗಿದ ಮೇಲೇ ಇನ್ನೊಂದು ಶುರುವಾಗಬೇಕು ಅಂದರೆ ಆರ್‌ಎಕ್ಸ್‌ಜೆಎಸ್‌ನಲ್ಲಿ (ಒಂದರ ಹಿಂದೊಂದು ಬರುವ ಡೇಟಾ, ಅಂದರೆ ಸ್ಟ್ರೀಮ್, ನಿಭಾಯಿಸುವ ಜಾವಾಸ್ಕ್ರಿಪ್ಟ್ ಲೈಬ್ರರಿ) ನಾನು ಒಂದೊಂದನ್ನೇ ಸಾಲಾಗಿ ನಡೆಸುವ ಕಾನ್‌ಕ್ಯಾಟ್‌ಮ್ಯಾಪ್ ಬಿಟ್ಟು ಬೇರೆ ಮುಟ್ಟುವುದಿಲ್ಲ. ಉಳಿದವನ್ನೂ ಹಾಕಿ ನೋಡಿದ್ದೇನೆ, ಅದೂ ಬ್ಯಾಡಗಿಯ ಸೀಸನ್ ಜೋರಾಗಿದ್ದಾಗ.

ಆಪ್ ಇರುವುದು ಅಲ್ಲಿನ ಒಂದು ಮೆಣಸಿನಕಾಯಿ ದಲಾಲಿ ಅಂಗಡಿಗೆ, ನಾನು ಮಾಡಿದ್ದು ಹುಬ್ಬಳ್ಳಿಯಲ್ಲಿ ಕೂತು, ವೆಬ್ ಆಪ್ ಕಟ್ಟುವ ಆಂಗ್ಯುಲರ್‌ನಲ್ಲಿ. ನೆಟ್‌ವರ್ಕ್ ಹೋದಾಗ ಎಂಟ್ರಿಗಳು ಫೋನಿನಲ್ಲೇ ಉಳಿಯುತ್ತವೆ, ಬಂದ ಮೇಲೆ ಸರ್ವರ್‌ಗೆ ಹೋಗಬೇಕು. ಮೊದಲು ಲಾಟು, ಆಮೇಲೆ ತೂಕ, ಕೊನೆಗೆ ಬಿಲ್. ಲಾಟೇ ಇಲ್ಲದೆ ತೂಕ ಹೋದರೆ ಸರ್ವರ್ ವಾಪಸ್ ಕಳಿಸುತ್ತದೆ.

ಮರ್ಜ್‌ಮ್ಯಾಪ್ ಎಲ್ಲವನ್ನೂ ಒಟ್ಟಿಗೇ ಬಿಡುತ್ತದೆ. ಆಫೀಸಿನ ವೈಫೈನಲ್ಲಿ ಸಾಲು ಸರಿಯಿದ್ದಂತೆಯೇ ಕಾಣುತ್ತದೆ, ಚೀಲಗಳ ಮಧ್ಯೆ ನಿಂತು ಕಳಿಸಿದಾಗಲೇ ಬಣ್ಣ ಬಯಲು. ಅದಕ್ಕೆ ಒಂದು ಸಲಕ್ಕೆ ಎಷ್ಟು ಅನ್ನುವ ಮಿತಿ 1 ಅಂತ ಕೊಟ್ಟರೆ ಕಾನ್‌ಕ್ಯಾಟ್‌ಮ್ಯಾಪೇ ಆಗುತ್ತದೆ, ಹಾಗಿದ್ದರೆ ಸುಮ್ನೆ ಸುತ್ತಿ ಬಳಸಿ ಹೋಗುವುದು ಯಾಕೆ?

ಸ್ವಿಚ್‌ಮ್ಯಾಪ್ ಹೊಸದು ಬಂದ ಕೂಡಲೇ ಹಳೆಯದನ್ನು ಕೈಬಿಡುತ್ತದೆ. ಸರ್ಚ್ ಬಾಕ್ಸಿಗೆ ಚೆನ್ನ, ತೂಕದ ಎಂಟ್ರಿಗೆ ಬೇಡವೇ ಬೇಡ. ಎಕ್ಸಾಸ್ಟ್‌ಮ್ಯಾಪ್ ಹಳೆಯದು ಮುಗಿಯುವ ತನಕ ಹೊಸದನ್ನು ಕಡೆಗಣಿಸುತ್ತದೆ; ಅದು ಸೇವ್ ಬಟನ್ ಎರಡೆರಡು ಸಲ ಒತ್ತುವವರಿಗೆ, ಅಷ್ಟೇ.

ಕಾನ್‌ಕ್ಯಾಟ್‌ಮ್ಯಾಪ್‌ಗೂ ಒಂದು ಕೊಂಕು ಇದೆ, ಅದು ನನ್ನ ತಲೆ ತಿಂದಿತು. ಮರ್ಜ್ ತೆಗೆದು ಇದನ್ನು ಹಾಕಿದೆ. ಮೊದಲ ಎಂಟ್ರಿ ಹೋಯಿತು, ಎರಡನೆಯದು ಹೋಗಲೇ ಇಲ್ಲ. ಬ್ರೌಸರ್ ಕನ್ಸೋಲ್‌ನಲ್ಲಿ ಒಂದೂ ಎರರ್ ಇಲ್ಲ. ನೆಟ್‌ವರ್ಕ್ ಟ್ಯಾಬ್‌ನಲ್ಲಿ ಒಂದೇ ಒಂದು ರಿಕ್ವೆಸ್ಟ್, ಪಕ್ಕದಲ್ಲಿ 200 (ಸರಿಯಾಗಿ ಹೋಯಿತು ಅನ್ನುವ ಕೋಡ್), ಆಮೇಲೆ ಖಾಲಿ.

ಕಾರಣ ಇದು. ಒಳಗಿನ ಸ್ಟ್ರೀಮ್, ಅಂದರೆ ಒಂದು ಎಂಟ್ರಿಯನ್ನು ಕಳಿಸುವ ಕೆಲಸ, 'ಮುಗಿಯಿತು' ಅಂತ ಹೇಳುವ ತನಕ ಕಾನ್‌ಕ್ಯಾಟ್‌ಮ್ಯಾಪ್ ಕಾಯುತ್ತದೆ, ಉತ್ತರ ಬಂತು ಅನ್ನುವುದು ಅದಕ್ಕೆ ಸಾಲದು. ಎಚ್‌ಟಿಟಿಪಿ ಪೋಸ್ಟ್ (ಸರ್ವರ್‌ಗೆ ಡೇಟಾ ಕಳಿಸುವ ರಿಕ್ವೆಸ್ಟ್) ತಾನಾಗೇ ಮುಗಿಯುತ್ತದೆ, ಸರಿ. ಆದರೆ ಅದರ ಮುಂದೆ ಲಾಗಿನ್ ಟೋಕನ್ ಕೊಡುವ ಬಿಹೇವಿಯರ್‌ಸಬ್ಜೆಕ್ಟ್ (ಇತ್ತೀಚಿನ ಬೆಲೆಯನ್ನು ಇಟ್ಟುಕೊಂಡು, ಬದಲಾದಾಗಲೆಲ್ಲ ಕೊಡುವ ಸ್ಟ್ರೀಮ್) ಇತ್ತು, ಅದು ಆಪ್ ಮುಚ್ಚುವ ತನಕ ಮುಗಿಯುವ ಜಾತಿಯಲ್ಲ. ಟೋಕನ್ ಸ್ಟ್ರೀಮಿಗೆ ಟೇಕ್ 1, ಅಂದರೆ ಒಂದನ್ನು ತೆಗೆದುಕೊಂಡು ಮುಗಿಸು ಅಂತ, ಹಾಕಿದ ಕೂಡಲೇ ಸಾಲು ಸರಸರ ಓಡಿತು.

ಮರ್ಜ್ ಇದ್ದಾಗ ಇದೇ ತೊಂದರೆ ಇತ್ತು, ಕಾಣುತ್ತಿರಲಿಲ್ಲ ಅಷ್ಟೇ. ಅದು ಯಾರಿಗೂ ಕಾಯುವುದಿಲ್ಲವಲ್ಲ! ಹಳೆಯ ಸ್ಟ್ರೀಮ್‌ಗಳೆಲ್ಲ ಒಳಗೆ ಜೀವಂತ ಕೂತಿರುತ್ತಿದ್ದವು, ಟೋಕನ್ ಹೊಸದಾದಾಗ ಪ್ರತಿಯೊಂದೂ ತನ್ನ ಎಂಟ್ರಿಯನ್ನು ಮತ್ತೆ ಕಳಿಸುತ್ತಿತ್ತು. ಒಂದೇ ಲಾಟಿಗೆ ಎರಡೆರಡು ತೂಕ ಯಾಕೆ ಬರುತ್ತದೆ ಅಂತ ಅಂಗಡಿಯವರು ಕೇಳುತ್ತಿದ್ದುದಕ್ಕೆ ಉತ್ತರ ಅಲ್ಲಿತ್ತು.

ಒಳಗೆ ಎರರ್ ಬಂದರೆ ಇಡೀ ಸಾಲು ನಿಲ್ಲುತ್ತದೆ. ಜಾಸ್ತಿ ಜನ ಇದನ್ನೇ ದೂರುತ್ತಾರೆ, ನನಗಂತೂ ಅದೇ ಬೇಕಿತ್ತು: ಲಾಟು ಹೋಗಲಿಲ್ಲ ಅಂದರೆ ತೂಕವೂ ಹೋಗಬಾರದು. ನಿಲ್ಲಬಾರದು ಅನ್ನುವವರು ಎರರ್ ಹಿಡಿಯುವ ಕ್ಯಾಚ್‌ಎರರ್ ಅನ್ನು ಒಳಗಿನ ಸ್ಟ್ರೀಮಿನ ಪೈಪ್‌ನಲ್ಲೇ ಹಾಕಿ.

ಒಂದು ಕೆಲಸ ಮುಗಿಯುವ ತನಕ ಕಾಯಿಸುವ ಜಾವಾಸ್ಕ್ರಿಪ್ಟಿನದೇ ದಾರಿ, ಅಸಿಂಕ್-ಅವೈಟ್ ಬಗ್ಗೆಯೂ ಹೇಳಬೇಕು. ಫಾರ್-ಆಫ್ ಲೂಪ್‌ನಲ್ಲಿ ಅವೈಟ್ ಓದಲು ಸಲೀಸು, ಫಾರ್‌ಈಚ್‌ನಲ್ಲಿ ಮಾತ್ರ ಅದು ಕಾಯುವುದೇ ಇಲ್ಲ. ನನಗೆ ಒಗ್ಗದೇ ಇದ್ದದ್ದು ನಡುವೆ ನಿಲ್ಲಿಸುವ ವಿಷಯ. ಲಾಗೌಟ್ ಆದಾಗ ಸ್ಟ್ರೀಮನ್ನು ಅನ್‌ಸಬ್‌ಸ್ಕ್ರೈಬ್ ಮಾಡಿದರೆ ಉಳಿದ ಸಾಲು ನಿಲ್ಲುತ್ತದೆ, ಲೂಪ್‌ನಲ್ಲಿ ಅದನ್ನು ನಾನೇ ಬರೆಯಬೇಕು. ಆಂಗ್ಯುಲರ್ ಕೊಡುವುದೂ ಅಬ್ಸರ್ವಬಲ್ಲೇ (ಆರ್‌ಎಕ್ಸ್‌ಜೆಎಸ್ ಸ್ಟ್ರೀಮ್), ಅವೈಟ್‌ಗೆ ಒಗ್ಗುವಂತೆ ಪ್ರತಿಸಲ ಲಾಸ್ಟ್‌ವ್ಯಾಲ್ಯೂಫ್ರಮ್ ಸುತ್ತುವುದು ಬೇಜಾರು.

ಸರ್ವರ್ ಕಡೆ ಬೇರೆ ಕ್ಯೂ ಇಡುವಷ್ಟು ಬಜೆಟ್ ಈ ಅಂಗಡಿಗಿಲ್ಲ, ಹಾಗಾಗಿ ನನ್ನದು ಕಾನ್‌ಕ್ಯಾಟ್‌ಮ್ಯಾಪ್ ಮತ್ತು ಟೇಕ್ 1. ಪ್ರಾಜೆಕ್ಟ್‌ನಲ್ಲಿ ಆರ್‌ಎಕ್ಸ್‌ಜೆಎಸ್ ಇಲ್ಲವೇ ಇಲ್ಲ ಅಂದರೆ ಇದಕ್ಕೋಸ್ಕರ ತರಬೇಡಿ, ಫಾರ್ ಲೂಪ್ ಹಾಕಿ.